ತೊಡೆಮಟ್ಟದ ನೀರಿನಲ್ಲಿ ಬಂದ ಹಡಗು: ವೈಕಿಂಗರನ್ನು ತಡೆಯುವುದು ಅಷ್ಟು ಕಷ್ಟವಾಗಿದ್ದೇಕೆ?

ಪ್ರಶ್ನೆ: ವೈಕಿಂಗರ (ಈಗಿನ ನಾರ್ವೆ, ಡೆನ್ಮಾರ್ಕ್, ಸ್ವೀಡನ್ ಕಡೆಯಿಂದ ಬಂದ ಕಡಲ ದಾಳಿಕೋರರ) ಕುರಿತ ಧಾರಾವಾಹಿ ನೋಡಿದ ಮೇಲೆ ಒಂದು ಅನುಮಾನ ಕಾಡುತ್ತಿದೆ. ಕೆಲವು ದೋಣಿಗಳಲ್ಲಿ ಬಂದ ನೂರಾರು ಜನ, ಸೈನ್ಯ, ಕುದುರೆ ಎಲ್ಲ ಇದ್ದ ಫ್ರಾನ್ಸ್, ಇಂಗ್ಲೆಂಡಿನ ರಾಜರನ್ನು ಅಷ್ಟು ವರ್ಷ ಗೋಳುಹೊಯ್ದುಕೊಂಡಿದ್ದು ಹೇಗೆ? ಹೊಡೆದೋಡಿಸುವುದು ಬಿಟ್ಟು ರಾಜರು ಬೆಳ್ಳಿ ಕೊಟ್ಟು ಕಳಿಸಿದ್ದೇಕೆ? ಕೊನೆಗೆ ಇದಕ್ಕೆ ತಡೆ ಬಿದ್ದಿದ್ದು ಹೇಗೆ? ಮತ್ತೆ, ಆ ಕೊಂಬಿನ ಶಿರಸ್ತ್ರಾಣ ನಿಜವೇ?

ಉತ್ತರ: ಮೊದಲು ಒಂದು ಲೆಕ್ಕ ಸರಿಮಾಡಿಕೊಳ್ಳೋಣ. ಬಯಲಿನಲ್ಲಿ ಎದುರುಬದುರು ನಿಂತ ಕಾಳಗಗಳಲ್ಲಿ ವೈಕಿಂಗರು ಸೋತದ್ದೇನೂ ಕಡಿಮೆಯಲ್ಲ. 844ರಲ್ಲಿ ಸ್ಪೇನಿನ ಸೆವಿಲ್ ನಗರ ಹಿಡಿದರು. ಕೆಲವೇ ವಾರಗಳಲ್ಲಿ ಕಾರ್ಡೊಬಾದ ಅಮೀರನ ಸೈನ್ಯ ಅವರನ್ನು ಸದೆಬಡಿಯಿತು. 851ರಲ್ಲಿ ಇಂಗ್ಲೆಂಡಿನ ಆಕ್ಲಿಯಾದಲ್ಲಿ, 881ರಲ್ಲಿ ಫ್ರಾನ್ಸಿನ ಸೋಕೂರಿನಲ್ಲಿ, 891ರಲ್ಲಿ ಈಗಿನ ಬೆಲ್ಜಿಯಂನ ಲ್ಯೂವೆನ್ ಬಳಿ, ಎಲ್ಲ ಕಡೆ ಸೋತರು. ಅವರ ಬಳಿ ಬೇರೆಯವರಿಗಿಲ್ಲದ ಆಯುಧವೂ ಇರಲಿಲ್ಲ. ಅವರ ಒಳ್ಳೆಯ ಕತ್ತಿಗಳಲ್ಲಿ ಬಹಳಷ್ಟು ಫ್ರಾಂಕರ ನಾಡಿನಿಂದಲೇ (ಈಗಿನ ಫ್ರಾನ್ಸ್, ಜರ್ಮನಿಯ ಕಡೆಯಿಂದ) ಬಂದವು. ಸಾಮಾನ್ಯ ವೈಕಿಂಗನ ಕೈಯಲ್ಲಿದ್ದದ್ದು ಈಟಿ, ಗುರಾಣಿ, ಸೊಂಟಕ್ಕೊಂದು ಚಾಕು. ಕಬ್ಬಿಣದ ಉಂಗುರಗಳ ಕವಚ ಸಿರಿವಂತರ ಸೊತ್ತು.

ಹಾಗಾದರೆ ವ್ಯತ್ಯಾಸ ಎಲ್ಲಿತ್ತು? ಹಡಗಿನ ತಳದಲ್ಲಿ. ಡೆನ್ಮಾರ್ಕಿನ ರೋಸ್ಕಿಲ್ಡೆ ಕೊಲ್ಲಿಯಿಂದ 1962ರಲ್ಲಿ ಮೇಲೆತ್ತಿದ ಐದು ಹಡಗುಗಳಲ್ಲಿ ಸ್ಕುಲ್ಡೆಲೆವ್-5 ಎಂಬುದು ಚಿಕ್ಕ ಯುದ್ಧನೌಕೆ. ಉದ್ದ 17 ಮೀಟರಿಗೆ ತುಸು ಹೆಚ್ಚು, ಅಗಲ ಎರಡೂವರೆ ಮೀಟರ್, 13 ಜೋಡಿ ಹುಟ್ಟು, ಸುಮಾರು 30 ಜನ. ಜನ, ಆಯುಧ, ಬುತ್ತಿ ಎಲ್ಲ ತುಂಬಿದ ಮೇಲೂ ಅದು ನೀರಿನಲ್ಲಿ ಮುಳುಗುವುದು ಬರೀ 60 ಸೆಂಟಿಮೀಟರ್. ಅಂದರೆ ತೊಡೆಮಟ್ಟದ ನೀರಿದ್ದರೆ ಸಾಕು, ಹಡಗು ಬರುತ್ತದೆ. ಜೊತೆಗೆ ಸಿಕ್ಕಿದ ಸ್ಕುಲ್ಡೆಲೆವ್-2 ಸುಮಾರು 30 ಮೀಟರ್ ಉದ್ದದ್ದು, ಅರವತ್ತು ಜನ ಹುಟ್ಟು ಹಾಕುವಂಥದ್ದು. ಅದಕ್ಕೂ ಒಂದು ಮೀಟರ್ ನೀರು ಸಾಕು. ಇವೆರಡೂ 11ನೇ ಶತಮಾನದವು. ಆದರೆ 9ನೇ ಶತಮಾನದ ಕೊನೆಗೆ ಕಟ್ಟಿದ ನಾರ್ವೆಯ ಗೋಕ್‌ಸ್ಟಾಡ್ ಹಡಗಿನದೂ (1880ರಲ್ಲಿ ದಿಬ್ಬ ಅಗೆದಾಗ ಸಿಕ್ಕಿದ್ದು, 23 ಮೀಟರ್ ಉದ್ದ, 16 ಜೋಡಿ ಹುಟ್ಟು) ಇದೇ ಜಾಯಮಾನ.

ಇಷ್ಟು ಹಗುರವಾದ ಹಡಗು ಅಟ್ಲಾಂಟಿಕ್ಕಿನ ಅಲೆಗೆ ಮುರಿಯದೆ ಉಳಿದದ್ದು ಹೇಗೆ ಎಂಬುದೇ ಇಲ್ಲಿ ಕುತೂಹಲದ ವಿಷಯ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮರಕ್ಕೆ ಗರಗಸ ತಾಗಿಸುತ್ತಿರಲಿಲ್ಲ. ಹಸಿ ಓಕ್ ಮರದ ದಪ್ಪ ದಿಮ್ಮಿಗೆ ಬೆಣೆ ಹೊಡೆದು ಎರಡು ಸೀಳು, ಆಮೇಲೆ ನಾಲ್ಕು, ಎಂಟು, ಹದಿನಾರು, ಹೀಗೆ ನಡುತಿರುಳಿನಿಂದ ತೊಗಟೆಯ ಕಡೆಗೆ ಸೀಳಿಕೊಂಡು ಹೋಗುವುದು. ಸಿಗುವ ಪ್ರತಿ ಹಲಗೆಯಲ್ಲೂ ಮರದ ನಾರು ಈ ತುದಿಯಿಂದ ಆ ತುದಿಗೆ ಕಡಿಯದೆ ಹರಿದಿರುತ್ತದೆ. ಗರಗಸ ಹಾಕಿದರೆ ಹಲ್ಲು ನಾರನ್ನು ಅಡ್ಡಡ್ಡ ಕೊಯ್ಯುತ್ತದೆ, ಆಗ ಅಷ್ಟೇ ಬಲಕ್ಕೆ ಹಲಗೆ ದಪ್ಪ ಬೇಕು, ಹಡಗು ಭಾರವಾಗುತ್ತದೆ. ಸೀಳಿದ ಹಲಗೆಯನ್ನು ಕೊಡಲಿಯಲ್ಲಿ ಕೆತ್ತಿ ಎರಡು, ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ಇಳಿಸಬಹುದಿತ್ತು. ಮರದ ಆಯ್ಕೆಯಲ್ಲಿ ತಪ್ಪಿದರೆ ಮಾತ್ರ ಕೆಲಸ ಕೆಟ್ಟಿತು: ನಾರು ತಿರುಚಿಕೊಂಡು ಬೆಳೆದ ಮರವಾದರೆ ಸೀಳೂ ತಿರುಚಿಕೊಂಡೇ ಹೋಗುತ್ತದೆ, ಇಡೀ ದಿಮ್ಮಿ ಸೌದೆಗೆ.

ಹಲಗೆಗಳನ್ನು ಜೋಡಿಸುವುದು ಮಾಡಿನ ಹಂಚಿನ ಹಾಗೆ, ಒಂದರ ಅಂಚಿನ ಮೇಲೆ ಇನ್ನೊಂದು ಸ್ವಲ್ಪ ಹತ್ತಿ ಕೂರುವಂತೆ. ಎರಡರ ನಡುವೆ ಟಾರಿನಲ್ಲಿ ಅದ್ದಿದ ಉಣ್ಣೆಯ ಎಳೆ. ಗೇಣಿಗೊಂದರಂತೆ ಕಬ್ಬಿಣದ ಮೊಳೆ ಹೊರಗಿನಿಂದ ಒಳಕ್ಕೆ ಹೊಡೆದು, ಒಳಗಡೆ ಚೌಕದ ಬಿಲ್ಲೆ ತೊಡಿಸಿ, ಮೊಳೆಯ ತುದಿಯನ್ನು ತಟ್ಟಿ ಬಿಗಿ ಮಾಡುತ್ತಿದ್ದರು. ಸ್ಕುಲ್ಡೆಲೆವ್-2ರಂಥ ಹಡಗಿಗೆ ಇಂಥ ಮೊಳೆಗಳೇ ಏಳೆಂಟು ಸಾವಿರ ಬೇಕು. ಇಂದಿನ ಮರದ ದೋಣಿಗೆ ಸಾಮಾನ್ಯವಾಗಿ ಪಕ್ಕೆಲುಬು ಮೊದಲು, ಹಲಗೆ ಆಮೇಲೆ. ಇವರದು ಉಲ್ಟಾ: ಹಲಗೆಯ ಚಿಪ್ಪು ಮೊದಲು, ಪಕ್ಕೆಲುಬು ಆಮೇಲೆ. ಗೋಕ್‌ಸ್ಟಾಡ್‌ನಲ್ಲಿ ನೀರಿನ ಮಟ್ಟದ ಕೆಳಗಿನ ಹಲಗೆಗಳನ್ನು ಪಕ್ಕೆಲುಬಿಗೆ ಮೊಳೆಯಿಂದ ಜಡಿದೇ ಇಲ್ಲ, ಮರದ ಬೇರಿನಿಂದ ಕಟ್ಟಿದ್ದಾರೆ. ಹಾಗಾಗಿ ಅಲೆ ಬಡಿದಾಗ ಒಡಲು ಸೆಟೆದು ನಿಲ್ಲದೆ ಬಳುಕುತ್ತದೆ. 1893ರಲ್ಲಿ ಮಾಗ್ನುಸ್ ಆಂಡರ್ಸನ್ ಎಂಬ ನಾರ್ವೆಯ ಕಪ್ತಾನ ಗೋಕ್‌ಸ್ಟಾಡ್‌ನ ತದ್ರೂಪು ಕಟ್ಟಿಸಿ ಬರ್ಗೆನ್‌ನಿಂದ ನ್ಯೂಫೌಂಡ್‌ಲ್ಯಾಂಡ್‌ಗೆ 28 ದಿನದಲ್ಲಿ ತಲುಪಿದ. ದೊಡ್ಡ ಅಲೆಯಲ್ಲಿ ಹಡಗಿನ ಮೇಲಂಚು 15 ಸೆಂಟಿಮೀಟರ್‌ವರೆಗೂ ತಿರುಚಿಕೊಳ್ಳುತ್ತಿತ್ತು, ಆದರೂ ನೀರು ಒಳಗೆ ಬರುತ್ತಿರಲಿಲ್ಲ ಎಂದು ಅವನು ದಾಖಲಿಸಿದ್ದಾನೆ.

ಹಿಂದೆ ಮುಂದೆ ಎರಡೂ ತುದಿ ಒಂದೇ ಆಕಾರ. ದಡಕ್ಕೆ ಮೂತಿ ಹತ್ತಿಸಿದ ಹಡಗನ್ನು ತಿರುಗಿಸದೆ ಹಾಗೇ ಹಿಂದಕ್ಕೆ ಹುಟ್ಟು ಹಾಕಿ ಹೊರಟುಬಿಡಬಹುದು. ಚುಕ್ಕಾಣಿ ಬಲಗಡೆಯ ಪಕ್ಕದಲ್ಲಿ, ನೀರು ಕಡಿಮೆಯಾದಾಗ ಮೇಲಕ್ಕೆತ್ತುವಂಥದ್ದು. ಹಾಯಿ ಉಣ್ಣೆಯದ್ದು, ಕೊಬ್ಬು, ಟಾರು ಬಳಿದು ಗಾಳಿ ಸೋರದಂತೆ ಮಾಡಿದ್ದು. ಸ್ಕುಲ್ಡೆಲೆವ್-2ರ ತದ್ರೂಪಿಗೆ 112 ಚದರ ಮೀಟರ್ ಹಾಯಿ ಬೇಕಾಯಿತು. ಆ ಅಳತೆಯ ಬಟ್ಟೆಗೆ ನೂರಾರು ಕುರಿಗಳ ಉಣ್ಣೆ ಬೇಕು, ನೂತು ನೇಯಲು ಹೆಂಗಸರ ವರ್ಷಗಟ್ಟಲೆ ದುಡಿಮೆ ಬೇಕು. ಹಡಗಿನ ಒಡಲಿಗಿಂತ ಹಾಯಿಯೇ ದುಬಾರಿ ಅನ್ನಿಸಿದರೆ ಆಶ್ಚರ್ಯವಿಲ್ಲ. ದಾಳಿಗೆ ಹೊರಡುವುದು ಯಾರೋ ಬಡ ಬೆಸ್ತರ ಗುಂಪಲ್ಲ, ಬಂಡವಾಳ ಹೂಡಿದ ಜಮೀನ್ದಾರರ ಕೆಲಸ.

ಈ ಹಡಗಿಗೂ ದೌರ್ಬಲ್ಯ ಇತ್ತು. ಅಂಚು ತಗ್ಗು, ಮೇಲೆ ಮುಚ್ಚಿಗೆ ಇಲ್ಲ. ಬಿರುಗಾಳಿಗೆ ಸಿಕ್ಕಿದರೆ ಗತಿ ಕೆಡುತ್ತಿತ್ತು: 877ರಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಸ್ವಾನೇಜ್ ಬಳಿ 120 ಹಡಗುಗಳು ಮುಳುಗಿದವು ಎನ್ನುತ್ತದೆ ಆ ಕಾಲದ ಇಂಗ್ಲಿಷ್ ದಾಖಲೆಯಾದ ಆಂಗ್ಲೋ-ಸ್ಯಾಕ್ಸನ್ ಕಾಲಾನುಕ್ರಮಣಿಕೆ. ಆ ವರ್ಷ ದಕ್ಷಿಣ ಇಂಗ್ಲೆಂಡಿನ ವೆಸೆಕ್ಸ್ ರಾಜ್ಯದ ಆಲ್ಫ್ರೆಡ್ ರಾಜನನ್ನು ಉಳಿಸಿದ್ದರಲ್ಲಿ ಗಾಳಿಗೂ ಪಾಲಿದೆ.

ಈಗ ದಾಳಿಯ ಲೆಕ್ಕ ನೋಡಿ. ಶುರುವಿನ ದಾಳಿಗಳು ಚಿಕ್ಕವು: 793ರ ಜೂನ್ 8ರಂದು ಲಿಂಡಿಸ್‌ಫಾರ್ನ್, 795ರಲ್ಲಿ ಅಯೋನಾ. ಎರಡೂ ದ್ವೀಪದ ಕ್ರೈಸ್ತ ಮಠಗಳು. ಗೋಡೆಯಿಲ್ಲ, ಕಾವಲಿಲ್ಲ, ಬೆಳ್ಳಿಬಂಗಾರ ಇದೆ, ಸಮುದ್ರದಿಂದ ಮಠದ ಬಾಗಿಲಿಗೆ ಕೆಲವೇ ನಿಮಿಷದ ನಡಿಗೆ. ಮೂರು ಹಡಗಿನಲ್ಲಿ ನೂರು ಜನ ಇಳಿದು ಮಧ್ಯಾಹ್ನದೊಳಗೆ ಕೆಲಸ ಮುಗಿಸಬಹುದು. ಹತ್ತಿರದ ಅಧಿಕಾರಿಗೆ ಸುದ್ದಿ ಮುಟ್ಟಿ, ಅವನು ಜನ ಕೂಡಿಸಿ ಬರುವಷ್ಟರಲ್ಲಿ ದಡದಲ್ಲಿ ಹಡಗು ಎಳೆದ ಗುರುತು ಮಾತ್ರ. ಹಬ್ಬದ ದಿನಗಳನ್ನೂ ಅವರು ಬಲ್ಲವರಾಗಿದ್ದರು. 843ರಲ್ಲಿ ಲ್ವಾರ್ ನದಿಯ ನಾಂತ್ ನಗರಕ್ಕೆ ನುಗ್ಗಿದ್ದು ಜೂನ್ 24, ಸಂತ ಜಾನ್‌ನ ಹಬ್ಬದಂದು. ಜಾತ್ರೆಯ ಜನ, ವ್ಯಾಪಾರಿಗಳು, ಬಿಷಪ್ ಎಲ್ಲ ಒಂದೇ ಕಡೆ ಸೇರಿದ್ದರು. ಲೂಟಿಯಲ್ಲಿ ಬೆಳ್ಳಿಗಿಂತ ಕಡಿಮೆಯಿಲ್ಲದ ಬೆಲೆ ಮನುಷ್ಯರಿಗಿತ್ತು: ಬಡವರು ಗುಲಾಮರ ಸಂತೆಗೆ, ದೊಡ್ಡವರು ಒತ್ತೆಹಣಕ್ಕೆ. 858ರಲ್ಲಿ ಸೇಂಟ್ ಡೆನಿಸ್ ಮಠದ ಯಜಮಾನ ಲೂಯಿಯನ್ನು ಬಿಡಿಸಲು ಕೊಟ್ಟದ್ದು 686 ಪೌಂಡ್ ಚಿನ್ನ, 3,250 ಪೌಂಡ್ ಬೆಳ್ಳಿ. ಅವನ ಜೊತೆ ಸೆರೆಸಿಕ್ಕಿದ ತಮ್ಮ ಗೋಜ್ಲಿನ್ ಎಂಬವನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತಾನೆ.

ಸಮುದ್ರ ತೀರದ ದಾಳಿ ಒಂದು ಪಾಲು. ನಿಜವಾದ ಅನಾಹುತ ನದಿಗಳಲ್ಲಿ ನಡೆಯಿತು. ಇದಕ್ಕೆ 845ರ ಪ್ಯಾರಿಸ್ ದಾಳಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮಾರ್ಚ್‌ನಲ್ಲಿ 120 ಹಡಗುಗಳು ಸೇನ್ ನದಿಗೆ ನುಗ್ಗಿದವು. ನಾಯಕನ ಹೆಸರು ರಾಗ್ನರ್. ನೀವು ನೋಡಿದ ಧಾರಾವಾಹಿಯಲ್ಲೂ ಈ ಹೆಸರು ಕೇಳಿರಬಹುದು. ಸಮುದ್ರದಿಂದ ಪ್ಯಾರಿಸ್ಸಿಗೆ ನದಿಯ ಹಾದಿಯಲ್ಲಿ 350 ಕಿ.ಮೀ.ಗೂ ಹೆಚ್ಚು. ಫ್ರಾನ್ಸಿನ ರಾಜ ಬೋಳುತಲೆಯ ಚಾರ್ಲ್ಸ್ ಸುಮ್ಮನೆ ಕೂರಲಿಲ್ಲ, ಸೈನ್ಯ ತಂದ. ಆದರೆ ಶತ್ರು ಯಾವ ದಡಕ್ಕೆ ಇಳಿಯುತ್ತಾನೋ ಗೊತ್ತಿಲ್ಲವಾದ್ದರಿಂದ ಎರಡೂ ದಡದಲ್ಲಿ ಸೈನ್ಯ ನಿಲ್ಲಿಸಬೇಕಾಯಿತು. ಅಲ್ಲಿಗೆ ಆಟ ಮುಗಿಯಿತು. ನದಿ ಹಡಗಿನವನಿಗೆ ರಸ್ತೆ, ಕುದುರೆಯವನಿಗೆ ಗೋಡೆ. ರಾಗ್ನರ್ ತನ್ನ ಇಡೀ ಪಡೆಯನ್ನು ಚಿಕ್ಕ ತುಕಡಿ ಇದ್ದ ದಡಕ್ಕೆ ಇಳಿಸಿ ಅದನ್ನು ಮುರಿದ. ಹಿಡಿದ 111 ಸೆರೆಯಾಳುಗಳನ್ನು ಎದುರುದಡದ ಸೈನ್ಯಕ್ಕೆ ಕಾಣುವಂತೆ ನೇಣಿಗೆ ಹಾಕಿದ. ಅರ್ಧ ಸೈನ್ಯ ನಿಂತು ನೋಡಿತು, ದಾಟಲು ದಾರಿಯಿರಲಿಲ್ಲ. ಈಸ್ಟರ್ ಹೊತ್ತಿಗೆ ಪ್ಯಾರಿಸ್ ಲೂಟಿಯಾಯಿತು, ಚಾರ್ಲ್ಸ್ 7,000 ಪೌಂಡ್ ಬೆಳ್ಳಿ ಕೊಟ್ಟು ಕಳಿಸಿದ.

ಬೆಳ್ಳಿ ಕೊಟ್ಟದ್ದು ಹೇಡಿತನವೇ? ನನಗೆ ಹಾಗೆ ಅನ್ನಿಸುವುದಿಲ್ಲ. 840ರಿಂದ ಚಾರ್ಲ್ಸ್ ಮತ್ತು ಅವನ ಅಣ್ಣಂದಿರ ನಡುವೆ ಯುದ್ಧ, 843ರಲ್ಲಿ ರಾಜ್ಯ ಮೂರು ಪಾಲು, ಒಂದು ಕಡೆ ಬ್ರಿಟನಿ, ಇನ್ನೊಂದು ಕಡೆ ಅಕ್ವಿಟೇನ್ ಪ್ರಾಂತ್ಯಗಳು ದಂಗೆ ಎದ್ದಿದ್ದವು. ಅರಮನೆಯ ಶತ್ರುಗಳೆದುರು ನದಿಯ ಶತ್ರು ಚಿಕ್ಕವನು. ಅವನಿಗೆ ಬೇಕಾದ್ದು ಸಿಂಹಾಸನವಲ್ಲ, ಬರೀ ಬೆಳ್ಳಿ. ಹಣ ಕೊಟ್ಟರೆ ಐದಾರು ವರ್ಷ ಉಸಿರಾಡಬಹುದು. ಎಡವಟ್ಟಾದದ್ದು ಬೇರೆ ಕಡೆ: ವೈಕಿಂಗರು ಒಂದು ರಾಜ್ಯದವರಲ್ಲ, ಹತ್ತಾರು ತಂಡಗಳವರು. ಒಂದು ತಂಡದ ಜೊತೆ ಮಾಡಿದ ಒಪ್ಪಂದ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ, ಕೊಟ್ಟ ಸುದ್ದಿ ಮಾತ್ರ ಎಲ್ಲರಿಗೂ ಮುಟ್ಟುತ್ತದೆ. 861ರಲ್ಲಿ ಚಾರ್ಲ್ಸ್ ಮುಳ್ಳಿನಿಂದ ಮುಳ್ಳು ತೆಗೆಯಲು ಹೋದ. ಸೇನ್ ನದಿಯ ವಾಸೆಲ್ ದ್ವೀಪದಲ್ಲಿ ಬೀಡುಬಿಟ್ಟವರನ್ನು ಮುತ್ತಲು ವೆಲಾಂಡ್ ಎಂಬ ಇನ್ನೊಬ್ಬ ವೈಕಿಂಗ್ ನಾಯಕನಿಗೆ ಸುಪಾರಿ ಕೊಟ್ಟ. 3,000 ಪೌಂಡಿಗೆ ಶುರುವಾದ ಮಾತು 5,000ಕ್ಕೆ ಏರಿತು. ವೆಲಾಂಡ್ ಮುತ್ತಿಗೆ ಹಾಕಿದ್ದೇನೋ ನಿಜ, ಆದರೆ ಒಳಗಿದ್ದವರಿಂದಲೂ 6,000 ಪೌಂಡ್ ತೆಗೆದುಕೊಂಡು ಅವರನ್ನು ಬಿಟ್ಟುಬಿಟ್ಟ!

ಇಷ್ಟರಲ್ಲಿ ಇನ್ನೊಂದು ಬದಲಾವಣೆಯೂ ಆಗಿತ್ತು. ಮೊದಮೊದಲು ಬೇಸಿಗೆಗೆ ಬಂದು ಚಳಿಗೆ ಊರಿಗೆ ಮರಳುತ್ತಿದ್ದವರು ಅಳಿವೆಯ ದ್ವೀಪಗಳಲ್ಲೇ ಚಳಿಗಾಲ ಕಳೆಯತೊಡಗಿದರು: 843ರಲ್ಲಿ ಲ್ವಾರ್ ಮುಖಜದ ನ್ವಾರ್‌ಮೂತಿಯೆ, 850ರಲ್ಲಿ ಥೇಮ್ಸ್ ಬಳಿಯ ಥಾನೆಟ್. 865ರಲ್ಲಿ ಇಂಗ್ಲೆಂಡಿಗೆ ಇಳಿದ ವೈಕಿಂಗರ ಮಹಾಸೈನ್ಯ ಸ್ಥಳೀಯರಿಂದಲೇ ಕುದುರೆ ಪಡೆದು, ಮರುವರ್ಷ ಯಾರ್ಕ್ ಹಿಡಿಯಿತು. 872ರ ಚಳಿಗಾಲಕ್ಕೆ ಆ ಸೈನ್ಯ ಇಂಗ್ಲೆಂಡಿನ ಟಾರ್ಕ್‌ಸಿಯಲ್ಲಿ ಬೀಡುಬಿಟ್ಟ ಜಾಗದಲ್ಲಿ ಅರಬ್ ಬೆಳ್ಳಿನಾಣ್ಯದ ಚೂರು, ತೂಕದ ಬಟ್ಟು, ಆಟದ ಕಾಯಿ ರಾಶಿರಾಶಿ ಸಿಕ್ಕಿವೆ. ದಂಡಿನ ಬಿಡಾರಕ್ಕಿಂತ ಅದು ಒಂದು ಸಂಚಾರಿ ಪೇಟೆಯಂತಿತ್ತು.

ಇನ್ನು ತಡೆದದ್ದು ಹೇಗೆ ಎಂಬ ಪ್ರಶ್ನೆ. ಉತ್ತರ ಮೊದಲು ಹೊಳೆದದ್ದು ಅದೇ ಬೋಳುತಲೆಯ ಚಾರ್ಲ್ಸ್‌ಗೆ: ನದಿಗೆ ಅಡ್ಡ ಸೇತುವೆ, ಸೇತುವೆಯ ಎರಡು ತುದಿಗೂ ಕೋಟೆ. ಹಡಗು ತಗ್ಗಿನ ಸೇತುವೆಯ ಕೆಳಗೆ ನುಸುಳಬೇಕಾದರೆ ಹಾಯಿಕಂಬ ಇಳಿಸಬೇಕು, ನಿಧಾನವಾಗಬೇಕು, ಮೇಲಿನಿಂದ ಕಲ್ಲು, ಬೆಂಕಿ ಬೀಳುತ್ತದೆ. ಮುಖ್ಯವಾಗಿ, ಸೈನ್ಯ ಒಂದು ದಡದಿಂದ ಇನ್ನೊಂದಕ್ಕೆ ಓಡಬಹುದು. 845ರ ಅವಮಾನ ಮರುಕಳಿಸದು. 864ರ ಪೀತ್ರ್ ಶಾಸನದಲ್ಲಿ ಕೋಟೆ-ಸೇತುವೆಗಳ ಕೆಲಸಕ್ಕೆ ಜನರನ್ನು ಕರೆದ. ಹೊರಗಿನವರಿಗೆ ಕವಚ, ಆಯುಧ ಮಾರಿದವನಿಗೆ ಮರಣದಂಡನೆ ಎಂದೂ ಸಾರಿದ. ಯೋಚನೆ ಸರಿಯಿತ್ತು, ಜಾರಿ ಕುಂಟಿತು. ಸೇತುವೆ ವರ್ಷಗಟ್ಟಲೆ ಮುಗಿಯಲಿಲ್ಲ, ಕಾವಲಿಗೆ ಕಾಯಂ ಜನ ಇರಲಿಲ್ಲ. ಕಾವಲಿಲ್ಲದ ಸೇತುವೆ ದಾಟುವುದು ವೈಕಿಂಗನಿಗೆ ಅರ್ಧ ದಿನದ ಕೆಲಸ. 866ರಲ್ಲಿ ಚಾರ್ಲ್ಸ್ ಮತ್ತೆ 4,000 ಪೌಂಡ್ ತೆರಬೇಕಾಯಿತು.

ಕಾವಲುಗಾರರ ಲೆಕ್ಕವನ್ನು ಕಾಗದಕ್ಕಿಳಿಸಿ ಬಗೆಹರಿಸಿದ್ದು ಇಂಗ್ಲೆಂಡಿನ ವೆಸೆಕ್ಸ್ ರಾಜ್ಯ. 878ರ ಜನವರಿಯ ಚಳಿಯಲ್ಲಿ, ಯಾರೂ ಯುದ್ಧ ನಿರೀಕ್ಷಿಸದ ಹೊತ್ತಲ್ಲಿ, ವೈಕಿಂಗ್ ನಾಯಕ ಗುಥ್ರಮ್‌ನ ಪಡೆ ಚಿಪ್ಪನ್‌ಹ್ಯಾಮ್‌ಗೆ ನುಗ್ಗಿದಾಗ ಆಲ್ಫ್ರೆಡ್ ಜೌಗು ನೆಲಕ್ಕೆ ಓಡಿದ. ಮೇ ತಿಂಗಳಲ್ಲಿ ಎಡಿಂಗ್ಟನ್‌ನಲ್ಲಿ ಗೆದ್ದ. ಆ ಗೆಲುವಿಗೆ ಸಿಕ್ಕಷ್ಟು ಹೆಸರು ಅವನ ಮುಂದಿನ ಕೆಲಸಕ್ಕೆ ಸಿಗಲಿಲ್ಲ, ನನ್ನ ಮಟ್ಟಿಗೆ ಅದೇ ದೊಡ್ಡದು. ದಕ್ಷಿಣ ಇಂಗ್ಲೆಂಡಿನಾದ್ಯಂತ 'ಬರ್' ಎಂಬ ಕೋಟೆಪೇಟೆಗಳ ಸರಣಿ ಎದ್ದಿತು. ಅವನ ಮಗನ ಕಾಲದ ಪಟ್ಟಿಯೊಂದರಲ್ಲಿ ಇಂಥ ಮೂವತ್ತಕ್ಕೂ ಹೆಚ್ಚು ಹೆಸರಿವೆ. ಬಹುತೇಕ ಊರುಗಳಿಂದ ಒಂದು ದಿನದ ನಡಿಗೆಯಲ್ಲಿ ಒಂದಲ್ಲ ಒಂದು ಬರ್ ಸಿಗುತ್ತಿತ್ತು. ಪಟ್ಟಿಯಲ್ಲಿರುವ ಸೂತ್ರ ನೋಡಿ: ಹದಿನಾರೂವರೆ ಅಡಿ ಗೋಡೆಗೆ ನಾಲ್ಕು ಜನ, ಪ್ರತಿ 'ಹೈಡ್' (ಆ ಕಾಲದ ಭೂಮಿಯ ಅಳತೆ) ಜಮೀನಿನಿಂದ ಒಬ್ಬ. ವಿಂಚೆಸ್ಟರ್‌ಗೆ ಬರೆದಿರುವುದು 2,400 ಹೈಡ್. ಅಂದರೆ 2,400 ಜನ, ನಾಲ್ಕರಿಂದ ಭಾಗಿಸಿದರೆ 600, ಅದಕ್ಕೆ ಹದಿನಾರೂವರೆ ಗುಣಿಸಿದರೆ 9,900 ಅಡಿ. ಅಲ್ಲಿನ ಹಳೆಯ ರೋಮನ್ ಗೋಡೆಯ ಸುತ್ತಳತೆ ಸುಮಾರು 9,950 ಅಡಿ! ಯಾರೋ ಗುಮಾಸ್ತ ಹಗ್ಗ ಹಿಡಿದು ಅಳೆದಿದ್ದಾನೆ.

ಇದರ ಜೊತೆಗೆ ಆಲ್ಫ್ರೆಡ್ ದಂಡನ್ನು ಎರಡು ಪಾಳಿ ಮಾಡಿದ: ಅರ್ಧ ಜನ ಹೊಲದಲ್ಲಿ, ಅರ್ಧ ಜನ ದಂಡಿನಲ್ಲಿ. ಸುಗ್ಗಿಗೆ ಸೈನಿಕರು ಮನೆಗೆ ಓಡಿಹೋಗುವ ಹಳೆಯ ತೊಂದರೆ ತಗ್ಗಿತು. 892ರಲ್ಲಿ 250 ಹಡಗುಗಳ ಹೊಸ ಪಡೆ ಬಂದಾಗ ಅರ್ಧ ಕಟ್ಟಿದ್ದ, ಬೆರಳೆಣಿಕೆಯ ರೈತರಷ್ಟೇ ಇದ್ದ ಒಂದು ಕೋಟೆ ಅವರಿಗೆ ಸುಲಭದ ತುತ್ತಾಯಿತು. ಪೂರ್ತಿಯಾದ ಕೋಟೆಗಳೆದುರು ಅವರಿಗೆ ಹಾಗೆ ನಡೆಯಲಿಲ್ಲ. ಕೋಟೆ ಹಿಡಿಯಲು ತಿಂಗಳು ಬೇಕು, ಬಿಟ್ಟು ಮುಂದೆ ಹೋದರೆ ಬೆನ್ನಿಗೆ ಶತ್ರು. 895ರಲ್ಲಿ ಲೀ ನದಿಯೊಳಗೆ ಹಡಗು ತಂದು ಬೀಡುಬಿಟ್ಟವರ ಕೆಳಗಡೆ, ನದಿಯ ಎರಡೂ ದಡದಲ್ಲಿ ಆಲ್ಫ್ರೆಡ್ ಒಂದೊಂದು ಕೋಟೆ ಕಟ್ಟಿಸತೊಡಗಿದ. ಕೆಲಸ ಮುಗಿಯುವ ಮುಂಚೆಯೇ ಅವರಿಗೆ ಅರ್ಥವಾಯಿತು, ಹಡಗುಗಳನ್ನು ಅಲ್ಲೇ ಬಿಟ್ಟು ನೆಲದ ದಾರಿ ಹಿಡಿದು ಹೋದರು.

ಆಲ್ಫ್ರೆಡ್ ಮಾಡಿದ್ದೆಲ್ಲ ಸರಿಯಾಯಿತು ಎಂದಲ್ಲ. ವೈಕಿಂಗರದಕ್ಕಿಂತ ದೊಡ್ಡ, ಎತ್ತರದ, 60 ಹುಟ್ಟಿನ ಹಡಗುಗಳನ್ನೂ ಕಟ್ಟಿಸಿದ. 896ರಲ್ಲಿ ದಕ್ಷಿಣ ತೀರದ ಒಂದು ಅಳಿವೆಯಲ್ಲಿ ಇವುಗಳಲ್ಲಿ ಒಂಬತ್ತು, ವೈಕಿಂಗರ ಆರು ಹಡಗುಗಳ ದಾರಿ ಕಟ್ಟಿದವು. ಕಾಳಗ ನಡೆಯುತ್ತಿರುವಾಗಲೇ ಇಳಿತ ಶುರುವಾಗಿ ಇಂಗ್ಲಿಷ್ ಹಡಗುಗಳು ಕೆಸರಲ್ಲಿ ಹೂತವು, ಮೂರು ಒಂದು ಕಡೆ, ಉಳಿದವು ಇನ್ನೊಂದು ಕಡೆ. ಒಣಗಿದ ನೆಲದ ಮೇಲೆ ಕಾದಾಡಿ ಈ ಕಡೆ 62, ಆ ಕಡೆ 120 ಜನ ಸತ್ತರು. ಮತ್ತೆ ಭರತ ಏರಿದಾಗ ನೀರು ಮೊದಲು ಮುಟ್ಟಿದ್ದು ವೈಕಿಂಗರ ಹಡಗುಗಳನ್ನು. ಅವು ತೇಲಿ ಹೊರಟುಹೋದವು, ರಾಜನ ದೊಡ್ಡ ಹಡಗುಗಳು ಕೆಸರಲ್ಲೇ ಕೂತಿದ್ದವು.

ಸೇತುವೆ ನಿಜಕ್ಕೂ ಕೆಲಸ ಮಾಡಿದ್ದು 885ರಲ್ಲಿ, ಮತ್ತೆ ಪ್ಯಾರಿಸ್ಸಿನಲ್ಲಿ. ಆಗ ಅಲ್ಲಿ ದ್ವೀಪದ ನಗರದಿಂದ ಎರಡು ದಡಕ್ಕೂ ಸೇತುವೆ, ಸೇತುವೆಯ ಬಾಯಲ್ಲಿ ಬುರುಜು. ಒಳಗೆ ಕೌಂಟ್ (ನಗರದ ಅಧಿಪತಿ) ಓಡೊ, ಜೊತೆಗೆ ಬಿಷಪ್ ಗೋಜ್ಲಿನ್, ಹೌದು, 27 ವರ್ಷದ ಹಿಂದೆ ಸೆರೆಸಿಕ್ಕಿದ್ದ ಅದೇ ಗೋಜ್ಲಿನ್. ಮುತ್ತಿಗೆಯನ್ನು ಕಣ್ಣಾರೆ ಕಂಡ ಆಬ್ಬೊ ಎಂಬ ಸನ್ಯಾಸಿ 700 ಹಡಗು ಎಂದು ಬರೆದಿದ್ದಾನೆ; ಅದು ಕಾವ್ಯದ ಲೆಕ್ಕ, ನಂಬಬೇಕಾಗಿಲ್ಲ. ಕಾದ ಎಣ್ಣೆ, ಮೇಣ, ರಾಳ ಸುರಿದು ನಗರದವರು ಸೇತುವೆ ಉಳಿಸಿಕೊಂಡರು. 886ರ ಫೆಬ್ರವರಿ 6ರಂದು ಪ್ರವಾಹಕ್ಕೆ ಚಿಕ್ಕ ಸೇತುವೆ ಕೊಚ್ಚಿಹೋಗಿ ಆಚೆದಡದ ಬುರುಜಿನಲ್ಲಿ ಹನ್ನೆರಡು ಜನ ಒಂಟಿಯಾಗಿ ಸಿಕ್ಕಿಬಿದ್ದು ಸತ್ತರು, ನಗರ ಮಾತ್ರ ಬೀಳಲಿಲ್ಲ. ಗೋಜ್ಲಿನ್ ಮುತ್ತಿಗೆಯ ನಡುವೆಯೇ ತೀರಿಕೊಂಡ. ವರ್ಷದ ಕೊನೆಗೆ ಬಂದ ಚಕ್ರವರ್ತಿ ದಪ್ಪ ಚಾರ್ಲ್ಸ್ ಹೋರಾಡದೆ 700 ಪೌಂಡ್ ಒಪ್ಪಿಕೊಂಡು, ಬರ್ಗಂಡಿಯನ್ನು ಲೂಟಿ ಮಾಡಲು ಬಿಟ್ಟುಕೊಟ್ಟ. ಆದರೂ ಪ್ಯಾರಿಸ್ಸಿನವರು ಸೇತುವೆಯಡಿ ದಾರಿ ಬಿಡಲಿಲ್ಲ. ವೈಕಿಂಗರು ಹಡಗುಗಳನ್ನು ನೆಲದ ಮೇಲೆ ಎಳೆದುಕೊಂಡು ಹೋದರು. 887ರಲ್ಲಿ ಚಕ್ರವರ್ತಿಯ ಪದಚ್ಯುತಿ, 888ರಲ್ಲಿ ಓಡೊನಿಗೆ ಕಿರೀಟ.

911ರಲ್ಲಿ ಇನ್ನೊಂದು ಉಪಾಯ ನಡೆಯಿತು. ಶಾರ್ತ್ರ್ ಬಳಿ ಸೋತ ರೊಲ್ಲೊ ಎಂಬ ನಾಯಕನಿಗೆ ಸೇನ್ ಅಳಿವೆಯ ಸುತ್ತಲ ನಾಡನ್ನೇ ಕೊಟ್ಟು, ಮುಂದೆ ಬರುವ ವೈಕಿಂಗರನ್ನು ನೀನೇ ತಡೆ ಎಂದರು. ಅದೇ ನಾರ್ಮಂಡಿ.

ಇದು ವೈಕಿಂಗರಿಗಷ್ಟೇ ಸಂಬಂಧಿಸಿದ ಕಥೆಯೂ ಅಲ್ಲ. ವೈಕಿಂಗರು ಹಡಗಿನಿಂದ ಮಾಡಿದ್ದನ್ನು ಹಂಗೆರಿಯ ಮಗ್ಯಾರರು ಕುದುರೆಯಿಂದ ಮಾಡಿದರು: ಹಗುರ ಸವಾರಿ, ಓಡುತ್ತಲೇ ಬಾಣ, ದಂಡು ಸೇರುವ ಮುಂಚೆ ಮಾಯ. ಜರ್ಮನಿಯ ರಾಜ ಹೆನ್ರಿ 926ರಲ್ಲಿ ಕಪ್ಪ ಒಪ್ಪಿಕೊಂಡು ಒಂಬತ್ತು ವರ್ಷದ ಕದನವಿರಾಮ ಕೊಂಡ. ಆ ಬಿಡುವಿನಲ್ಲಿ ಕೋಟೆ ಕಟ್ಟಿಸಿದ. ಒಂಬತ್ತು ಯೋಧ-ರೈತರಲ್ಲಿ ಒಬ್ಬ ಕೋಟೆಯಲ್ಲಿ, ಉಳಿದ ಎಂಟು ಜನ ಅವನ ಪಾಲಿನ ಹೊಲವನ್ನೂ ಉಳಬೇಕು ಎಂದು ಕಟ್ಟಳೆ ಮಾಡಿದ. 933ರಲ್ಲಿ ಗೆದ್ದ. ಅವನ ಮಗ ಒಟ್ಟೊ 955ರಲ್ಲಿ ಲೆಕ್‌ಫೆಲ್ಡ್‌ನಲ್ಲಿ ಮಗ್ಯಾರರ ದಾಳಿಗಳನ್ನೇ ಕೊನೆಗೊಳಿಸಿದ, ಆಗಲೂ ಔಗ್ಸ್‌ಬರ್ಗ್ ನಗರದ ಗೋಡೆ ಶತ್ರುವನ್ನು ತಡೆದು ಹಿಡಿದಿತ್ತು.

ಕೊನೆಯದಾಗಿ ಕೊಂಬು. ಇಲ್ಲ. ವೈಕಿಂಗರ ಕಾಲದ, ಹೆಚ್ಚುಕಡಿಮೆ ಪೂರ್ತಿಯಾಗಿ ಜೋಡಿಸಲು ಬಂದ ಪ್ರಸಿದ್ಧ ಶಿರಸ್ತ್ರಾಣ ನಾರ್ವೆಯ ಗ್ಯೆರ್ಮುಂಡ್‌ಬು ಎಂಬಲ್ಲಿ 1943ರಲ್ಲಿ ಚೂರುಚೂರಾಗಿ ಸಿಕ್ಕಿತು: ದುಂಡನೆಯ ಕಬ್ಬಿಣದ ಟೊಪ್ಪಿ, ಮುಂದೆ ಕನ್ನಡಕದಂಥ ಕಣ್ಣುಪಟ್ಟಿ. ಡೆನ್ಮಾರ್ಕಿನ ವೆಕ್ಸೊದಲ್ಲಿ 1942ರಲ್ಲಿ ಸಿಕ್ಕ ಕೊಂಬಿನ ಜೋಡಿ ಕಂಚಿನ ಯುಗದ್ದು, ವೈಕಿಂಗರಿಗಿಂತ ಸುಮಾರು 1,700 ವರ್ಷ ಹಳೆಯದು. ಕೊಂಬಿನ ಚಿತ್ರ ಜನರ ತಲೆಯಲ್ಲಿ ಗಟ್ಟಿಯಾದದ್ದು 1876ರಲ್ಲಿ ಜರ್ಮನಿಯ ಬೈರಾಯ್ತ್ ರಂಗಮಂದಿರದಲ್ಲಿ ನಡೆದ ಒಪೆರಾದ (ಸಂಗೀತ ನಾಟಕದ) ವೇಷಭೂಷಣಗಳಿಂದ. ಯೋಚಿಸಿ ನೋಡಿದರೂ ಗೊತ್ತಾಗುತ್ತದೆ: ದುಂಡು ಟೊಪ್ಪಿಗೆ ಬಿದ್ದ ಕೊಡಲಿಯ ಏಟು ಜಾರಿ ಪಕ್ಕಕ್ಕೆ ಹೋಗುತ್ತದೆ, ಕೊಂಬಿಗೆ ಬಿದ್ದದ್ದು ಅಲ್ಲೇ ಸಿಕ್ಕಿಕೊಂಡು ಕತ್ತನ್ನೇ ತಿರುಚುತ್ತದೆ.